ಒಳಗಿನವನಿಗೆ ದಿನಾ ಮಂಗಳವಾರ

ಅಂಧ ಮಕ್ಕಳ ಶಾಲೆಯ ಹಿಂದುಗಡೆ, ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ನಿಂತಿರುವ ಉದ್ದನೆಯ ಕೋಣೆ ಚುಕ್ಕಿಯಮ್ಮನ ರಾಜ್ಯ. ಆಕೆಗೆ ಇನ್ನೊಂದು ಹೆಸರೂ ಇದೆ, ಹಾಜರಿ ಪುಸ್ತಕದಲ್ಲಿ; ಅದನ್ನು ಅಲ್ಲಿಂದ ಹೊರಗೆ ತೆಗೆದು ಬಳಸಿದವರಿಲ್ಲ. ಹುಟ್ಟುವಾಗಲೇ ಕಣ್ಣಿಲ್ಲ. ಮೂವತ್ತೊಂದು ವರ್ಷದಿಂದ ಆ ಕೋಣೆಯಲ್ಲಿ ಕೂತು, ಕಣ್ಣಿದ್ದವರ ಪಾಠಪುಸ್ತಕಗಳನ್ನು ಬೆರಳಿನಿಂದ ಓದುವ ಬ್ರೈಲ್ ಚುಕ್ಕಿಗೆ ಇಳಿಸುತ್ತಾಳೆ. ಕೋಣೆಯ ನಡುವೆ ಬ್ರೈಲ್ ಪ್ರಿಂಟರ್, ಅಂದರೆ ದಪ್ಪ ಹಾಳೆಯ ಮೇಲೆ ಚುಕ್ಕಿ ಕುಟ್ಟುವ ಯಂತ್ರ. ಅದು ಶುರುವಾಯಿತೆಂದರೆ ತಗಡಿನ ಮಾಡಿಗೆ ಆಲಿಕಲ್ಲು ಬಿದ್ದ ಹಾಗೆ ಸದ್ದು. ಹೊಸದಾಗಿ ಬಂದವರು ಕಿವಿ ಮುಚ್ಚಿಕೊಳ್ಳುತ್ತಾರೆ. ಚುಕ್ಕಿಯಮ್ಮ ಮಾತ್ರ ಆ ಸದ್ದಿನೊಳಗೇ, ಯಾವ ಸಾಲಿನಲ್ಲಿ ಸೂಜಿ ಸೋತಿತು ಎಂದು ಹೇಳಬಲ್ಲಳು.

ಕಂಪ್ಯೂಟರು ಈ ಕೋಣೆಗೆ ಬಂದ ದಿನ ಕಲಿಸುವವರು ಯಾರೂ ಅದರ ಜೊತೆ ಬರಲಿಲ್ಲ. ಅದಕ್ಕೆ ಓದಿ ಹೇಳುವ ದನಿಯೊಂದನ್ನು ಹಾಕಿಟ್ಟು ಹೋದರು, ಅಷ್ಟೆ. ಚುಕ್ಕಿಯಮ್ಮ ಒಂದು ಗುಂಡಿ ಒತ್ತಿದಳು, ಅದು ಏನಂದಿತೆಂದು ಕೇಳಿದಳು. ಇನ್ನೊಂದು ಒತ್ತಿದಳು, ಬೈಸಿಕೊಂಡಳು. ಹೀಗೆ ಬೈಸಿಕೊಂಡು ಬೈಸಿಕೊಂಡೇ ಪಂಡಿತೆಯಾದಳು. ಪುಸ್ತಕವನ್ನು ಚುಕ್ಕಿಗೆ ತಿರುಗಿಸುವ ಪ್ರೋಗ್ರಾಮು ಅದರಲ್ಲಿತ್ತು. ಕಥೆ, ಪದ್ಯ ಕೊಟ್ಟರೆ ನುಣ್ಣಗೆ ನಡೆಯುತ್ತಿತ್ತು. ಗಣಿತ ಕೊಟ್ಟರೆ ಎಡವುತ್ತಿತ್ತು. ಭಿನ್ನರಾಶಿಯ ಮೇಲಿನ ಸಂಖ್ಯೆಯನ್ನು ಕೆಳಕ್ಕೆ ತಳ್ಳುವುದು, ವರ್ಗಮೂಲವನ್ನು ಇಡಿಯಾಗಿ ನುಂಗುವುದು. ಚುಕ್ಕಿಯಮ್ಮ ಬಿಡಲಿಲ್ಲ. ಹೀಗೆ ಬಂದರೆ ಹೀಗೆ ಕುಟ್ಟು, ಹಾಗೆ ಬಂದರೆ ಹಾಗೆ ಕುಟ್ಟು ಎಂದು ಹತ್ತೊಂಬತ್ತು ವರ್ಷ ಅದಕ್ಕೆ ಒಂದೊಂದೇ ನಿಯಮ ಕಲಿಸಿದಳು. ಎಲ್ಲ ಸೇರಿ ಎರಡು ಸಾವಿರದ ಮುನ್ನೂರು ನಿಯಮ. ಬೇರೆ ಊರಿನ ಶಾಲೆಗಳೂ ಗಣಿತದ ಪುಸ್ತಕಕ್ಕೆ ಈ ಕೋಣೆಗೇ ಬರುತ್ತಿದ್ದವು.

ಒಂದು ಶುಕ್ರವಾರ ಆ ಕಂಪ್ಯೂಟರು ಕೆಮ್ಮಿತು, ಸುಟ್ಟ ರಬ್ಬರಿನ ವಾಸನೆ ಬಿಟ್ಟಿತು, ಸುಮ್ಮನಾಯಿತು.

ಅಂಗಡಿಯವನು ಬಂದು ಮುಚ್ಚಳ ಬಿಚ್ಚಿ ನೋಡಿದ. ಒಳಗಿನ ಸಾಮಾನು ಎಲ್ಲೂ ಸಿಗುವುದಿಲ್ಲ ಎಂದ. ಅದರಲ್ಲಿದ್ದ ಬರಹವನ್ನೆಲ್ಲ ಒಂದು ಹೊಸ ಕಂಪ್ಯೂಟರಿಗೆ ತುಂಬಿಕೊಟ್ಟ. ಆದರೆ ಹೊಸದರ ಆಪರೇಟಿಂಗ್ ಸಿಸ್ಟಮ್, ಅಂದರೆ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮು, ಚುಕ್ಕಿಯಮ್ಮನ ಪ್ರೋಗ್ರಾಮನ್ನು ಕಂಡರೆ ಮುಖ ತಿರುಗಿಸಿತು. ಹೊಸ ಪ್ರೋಗ್ರಾಮು ತರಿಸಿದರೆ ಅದು ಭಿನ್ನರಾಶಿಯನ್ನು ತಲೆಕೆಳಗು ಮಾಡಿತು.

ಸೋಮವಾರ ಮ್ಯಾನೇಜರು ಬಂದರು. ಕೆಟ್ಟ ಮನುಷ್ಯನಲ್ಲ, ಅವಸರದ ಮನುಷ್ಯ.

"ನೋಡಿ ಅಮ್ಮಾ, ಕಂಪ್ಯೂಟರ್ ಹೋಯ್ತು, ಈ ಕುಟ್ಟೋ ಮಿಷನ್ನೂ ಮುದಿಯಾಗಿದೆ. ಪುಸ್ತಕ ಹೊರಗಡೆ ಮಾಡಿಸೋಣ. ಗುಜರಿಯವನಿಗೆ ಹೇಳಿದ್ದೀನಿ. ಕೋಣೆ ಬೆಂಚು ಇಡೋಕಾಗತ್ತೆ. ನೀವು ಆರಾಮಾಗಿ ಆಫೀಸಲ್ಲಿ ಫೋನ್ ಹತ್ರ ಕೂತ್ಕೊಳ್ಳಿ."

"ಹೊರಗಡೆಯವರಿಗೆ ಗಣಿತ ಬರತ್ತಾ ಸರ್?"

"ಬರದೇ ಏನು?"

"ಹೋದ ವರ್ಷ ಅವರು ಕಳಿಸಿದ ಪುಸ್ತಕದಲ್ಲಿ ಅರ್ಧ ಅನ್ನೋದು ಎರಡಾಗಿತ್ತು. ಮಕ್ಕಳು ಅರ್ಧ ರೊಟ್ಟಿ ಕೇಳಿದ್ರೆ ಎರಡು ಕೊಡ್ತೀರಾ?"

ಮ್ಯಾನೇಜರಿಗೆ ನಗು ಬಂತು. ನಕ್ಕವನು ಅರ್ಧ ಸೋತ ಹಾಗೆ. "ಸರಿ. ಮುಂದಿನ ಸೋಮವಾರ ಅಲ್ಲ, ಅದರ ಮುಂದಿನ ಸೋಮವಾರ. ಏಳನೇ ಕ್ಲಾಸಿನ ಗಣಿತ ಪುಸ್ತಕ ಒಂದು ಪೂರ್ತಿ ಈ ಕೋಣೆಯಿಂದ ಬಂದ್ರೆ ಕೋಣೆ ನಿಮ್ಮದು. ಬರ್ಲಿಲ್ಲ ಅಂದ್ರೆ ಗುಜರಿಯವನ ಗಾಡಿ ಬರತ್ತೆ."

ಅಲ್ಲಿಗೆ ಚುಕ್ಕಿಯಮ್ಮನಿಗೆ ಸಿಕ್ಕಿದ್ದು ಹದಿನಾಲ್ಕು ದಿನ. ಫೋನಿನ ಹತ್ತಿರ ಕೂರುವುದನ್ನು ನೆನೆದರೇ ಬೆರಳು ಮರಗಟ್ಟುತ್ತಿದ್ದವು.

ದಾರಿ ತೋರಿಸಿದ್ದು ಆಕೆಯ ಹಳೆಯ ಗೆಳತಿ, ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರು, ಆಕೆಗೂ ಕಣ್ಣಿಲ್ಲ. ಫೋನಿನಲ್ಲಿ ಹೇಳಿದಳು: "ಹಳೇ ಕಂಪ್ಯೂಟರ್ ಸತ್ರೆ ಏನಂತೆ ಕಣೇ? ಹೊಸದರ ಹೊಟ್ಟೆಯೊಳಗೆ ಹಳೇದನ್ನ ಕೂರಿಸಬಹುದು. ಎಮ್ಯುಲೇಟರ್ ಅಂತಾರೆ. ಅದು ಒಂದು ಸುಳ್ಳು ಕಂಪ್ಯೂಟರ್ ಕಟ್ಟಿಕೊಡತ್ತೆ. ಅದರೊಳಗೆ ನಿನ್ನ ಹಳೇ ಆಪರೇಟಿಂಗ್ ಸಿಸ್ಟಮ್ ಹಾಕಿದ್ರೆ ಅದಕ್ಕೆ ಗೊತ್ತೇ ಆಗಲ್ಲ. ತಾನು ಹಳೇ ಮನೇಲೇ ಇದೀನಿ ಅಂದ್ಕೊಂಡಿರತ್ತೆ."

"ಸೊಸೆ ಮನೇಲಿದ್ರೂ ತನ್ನದೇ ಮನೆ ಅಂದ್ಕೊಂಡಿರೋ ಅತ್ತೆ ಥರ ಅನ್ನು."

"ಅದೇ, ಅದೇ."

ಹಳೆಯ ಸಿಸ್ಟಮ್ಮಿನ ಸಿ.ಡಿ. ಬೀರುವಿನಲ್ಲಿತ್ತು. ಚುಕ್ಕಿಯಮ್ಮ ಯಾವುದನ್ನೂ ಬಿಸಾಡುವವಳಲ್ಲ. ತೊಡಕು ಒಂದೇ. ಸಿಸ್ಟಮ್ಮನ್ನು ಹೊಸದಾಗಿ ಹಾಕುವಾಗ ಅದಕ್ಕೆ ಇನ್ನೂ ದನಿ ಇರುವುದಿಲ್ಲ. ಪೂರ್ತಿ ಕೂತ ಮೇಲೆ ತಾನೇ ದನಿ ಹಾಕುವುದು? ಅಲ್ಲಿಯವರೆಗೆ ಪರದೆಯ ಮೇಲೆ ಬಂದದ್ದನ್ನು ಕಣ್ಣಿದ್ದವರೇ ಓದಿ ಹೇಳಬೇಕು.

ಕಣ್ಣಿದ್ದವನು ಮನೆಯಲ್ಲೇ ಇದ್ದ. ಆಕೆಯ ಗಂಡ ರಿಬ್ಬನಪ್ಪ. ಮೂವತ್ತೈದು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಟೈಪ್‌ರೈಟರ್ ರಿಪೇರಿ ಮಾಡಿದವನು. ಈಗ ಊರಲ್ಲಿ ಟೈಪ್‌ರೈಟರೇ ಇಲ್ಲ. ಆದರೂ ಸ್ಕ್ರೂಡ್ರೈವರು ಜೇಬಿನಲ್ಲಿಲ್ಲದೆ ಹೊಸ್ತಿಲು ದಾಟುವವನಲ್ಲ. ಕಂಪ್ಯೂಟರನ್ನು ಕಂಡರೆ ಅವನಿಗೆ ನೆಂಟಸ್ತಿಕೆ ತಪ್ಪಿದ ಮನೆಯವರನ್ನು ಕಂಡ ಹಾಗೆ, ಮಾತಿಲ್ಲ, ಜಗಳವೂ ಇಲ್ಲ. ಹೆಂಡತಿಯ ಮಾತಿಗೆ ಕನ್ನಡಕ ಏರಿಸಿಕೊಂಡು ಕೋಣೆಗೆ ಬಂದ.

"ಏನು ಬಂತು ರೀ?"

"ನೀಲಿ ಬಂತು."

"ನೀಲಿ ಇಟ್ಕೊಂಡು ನಾನೇನು ಮಾಡ್ಲಿ? ಅಕ್ಷರ ಹೇಳಿ."

"ಬಹಳ ಇದೆ ಕಣೇ. ಸಣ್ಣ ಅಕ್ಷರ. ಮೇಲೆ ಕಂಪನಿಯವರ ಹಕ್ಕುಬಾಧ್ಯತೆ…"

"ಅದು ಬೇಡ. ಕೊನೇ ಸಾಲು."

"ಕೊನೇ ಸಾಲಲ್ಲಿ ಏನೋ ಕೇಳ್ತಾ ಇದೆ. ಹೂಂ ಅನ್ಲೋ ಬೇಡ್ವೋ ಅಂತ."

"ಏನಕ್ಕೆ ಹೂಂ?"

"ಅದು ಓದೋಷ್ಟರಲ್ಲಿ ಹೋಯ್ತು."

ಹೀಗೆ ಮೂರು ದಿನ. ಒಂದು ಸಲ ಓದಬೇಕಾದದ್ದನ್ನು ಬಿಟ್ಟು ಬೇಡದ್ದನ್ನೆಲ್ಲ ಓದಿದ. ಇನ್ನೊಂದು ಸಲ ಕೀಬೋರ್ಡು ಪೂರ್ತಿ ಒಳಗಿನ ಕಂಪ್ಯೂಟರಿನ ವಶವಾಗಿ, ಹೊರಗಿನದು ಯಾವ ಗುಂಡಿಗೂ ಉತ್ತರ ಕೊಡದೆ ಕೂತಾಗ, ಸತ್ತೇಹೋಯಿತೆಂದು ಗಾಬರಿಯಾಗಿ ತಂತಿ ಕಿತ್ತ. ಬಲಗಡೆಯ ಒಂದು ಗುಂಡಿ ಒತ್ತಿದರೆ ಕೀಬೋರ್ಡು ಹೊರಗೆ ಬರುತ್ತದೆಂದು ಚುಕ್ಕಿಯಮ್ಮ ತಡವಿ ತಡವಿ ಕಂಡುಕೊಂಡಳು. ಕೊನೆಗೆ ಬೇಸತ್ತು, "ಇನ್ಮೇಲೆ ಅದು ಏನು ಕೇಳಿದ್ರೂ ಹೂಂ ಅನ್ರಿ. ನಿಮ್ಮನ್ನ ಮದುವೆಗೆ ಕೇಳ್ದಾಗ ನಾನು ಅಂದ್ನಲ್ಲ, ಹಾಗೆ," ಎಂದಳು.

ರಿಬ್ಬನಪ್ಪ ಎಲ್ಲದಕ್ಕೂ ಹೂಂ ಅಂದ. ಸಿಸ್ಟಮ್ಮು ಕೂತಿತು. ದನಿ ಹಾಕಿದರು. ಪೆಟ್ಟಿಗೆಯೊಳಗಿನಿಂದ, ನೆಗಡಿಯಾದ ಗುಮಾಸ್ತನ ಹಾಗೆ ಮೂಗಿನಲ್ಲಿ ಮಾತಾಡುವ ಆ ಹಳೆಯ ದನಿ "ಸಿದ್ಧ" ಎಂದಿತು. ಚುಕ್ಕಿಯಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹತ್ತೊಂಬತ್ತು ವರ್ಷ ದಿನಾ ಕೇಳಿದ ದನಿ.

ಆದರೆ ಹೊರಗಿನ ಹೊಸ ಕಂಪ್ಯೂಟರಿಗೂ ಒಂದು ದನಿಯಿತ್ತಲ್ಲ, ಜೇನು ಸವರಿದ ಹೆಣ್ಣುದನಿ. ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. ಅವನು "ಕಡತ ತೆರೆ" ಎಂದರೆ ಇವಳು "ಕಿಟಕಿ" ಎನ್ನುವಳು. ಒಂದೇ ನಲ್ಲಿಯ ಮುಂದೆ ಎರಡು ಮನೆಯವರು ನಿಂತ ಹಾಗಾಯಿತು. ಚುಕ್ಕಿಯಮ್ಮ ಅವನಿಗೆ ಹಳಬ, ಇವಳಿಗೆ ಹೊಸಬಳು ಎಂದು ಹೆಸರಿಟ್ಟಳು. ಒಳಗೆ ಹೋಗುವಾಗ ಹೊಸಬಳ ಬಾಯಿ ಮುಚ್ಚಿಸುವುದು, ಹೊರಗೆ ಬಂದಾಗ ಬಿಡಿಸುವುದು ರೂಢಿಯಾಯಿತು.

ಹಳೆಯ ಪ್ರೋಗ್ರಾಮು, ಅದರ ನಿಯಮ ಎಲ್ಲ ಹಳಬನೊಳಗೆ ತುಂಬಿಯಾಯಿತು. ಇನ್ನುಳಿದದ್ದು ಪ್ರಿಂಟರು. ಕೇಬಲ್ ಸಿಕ್ಕಿಸಿದರೆ ಹೊಸಬಳು ಅದನ್ನು ತನ್ನದೆಂದು ಅವುಚಿಕೊಂಡಳು. ಹಳಬನಿಗೆ ಅದು ಕಾಣಲೇ ಇಲ್ಲ. ಎರಡು ದಿನ ಕೇಬಲ್ಲು ಕಿತ್ತು ಹಾಕಿ, ಕಿತ್ತು ಹಾಕಿ ಕೈ ಸೋತ ಮೇಲೆ ಚುಕ್ಕಿಯಮ್ಮನಿಗೆ ಹೊಳೆಯಿತು. ಒಂದು ಕೂಸನ್ನು ಒಟ್ಟಿಗೆ ಇಬ್ಬರು ಎತ್ತಿಕೊಳ್ಳಲಾಗುವುದಿಲ್ಲ. ಮೊದಲು ಇವಳು ಕೆಳಗಿಳಿಸಬೇಕು, ಆಮೇಲೆ ಅವನು ಎತ್ತಿಕೊಳ್ಳಬೇಕು. ಎಮ್ಯುಲೇಟರಿನಲ್ಲಿ ಹಾಗೆ ಒಪ್ಪಿಸುವ ಜಾಗವೊಂದಿತ್ತು. ಒಪ್ಪಿಸಿದಳು. ಆಲಿಕಲ್ಲು ಬಿತ್ತು.

ಅಂದು ಎರಡನೇ ವಾರದ ಮಂಗಳವಾರ. ಮಧ್ಯಾಹ್ನದೊಳಗೆ ಗಣಿತ ಪುಸ್ತಕದ ಕರಡು ನೂರಾ ಹನ್ನೆರಡು ಹಾಳೆ ಹೊರಬಂತು. ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಚುಕ್ಕಿಯಮ್ಮ ಎಮ್ಯುಲೇಟರಿನ ಇನ್ನೊಂದು ಗುಣವನ್ನು ಬಳಸಿದಳು. ಒಳಗಿನ ಕಂಪ್ಯೂಟರು ಆ ಗಳಿಗೆಯಲ್ಲಿ ಹೇಗಿದೆಯೋ ಹಾಗೇ ಅದರದೊಂದು ಫೋಟೋ ಹಿಡಿದಿಡಬಹುದು. ಮುಂದೆ ಏನಾದರೂ ಕೆಟ್ಟರೆ ಆ ಫೋಟೋಕ್ಕೆ ಮರಳಬಹುದು. ಫೋಟೋಕ್ಕೆ "ಮಾತಾಡಿದ ದಿನ" ಎಂದು ಹೆಸರು ಕೊಟ್ಟು ಮನೆಗೆ ಹೋದಳು.

ಮರುದಿನದಿಂದ ತಿದ್ದುವ ಕೆಲಸ. ಚುಕ್ಕಿಯಮ್ಮನದು ತನ್ನದೇ ಪದ್ಧತಿ. ಕರಡಿನ ಹಾಳೆಯ ಮೇಲೆ ಬೆರಳು ಓಡಿಸುವುದು, ತಪ್ಪು ತಾಕಿದಲ್ಲಿ ಹಾಳೆಯ ಅಂಚನ್ನು ಸಾಲಿಗೆ ಸರಿಯಾಗಿ ಚಿಟಿಕೆಯಷ್ಟು ಮಡಿಚುವುದು, ಆಮೇಲೆ ಯಂತ್ರದಲ್ಲಿ ತಿದ್ದುವುದು. ಬೆಳಿಗ್ಗೆ ಎಮ್ಯುಲೇಟರು ತೆರೆಯುವುದೊಂದು ರಿಬ್ಬನಪ್ಪನ ಪಾಲಿಗೆ ಬಂತು, ಅದರ ಪಟ್ಟಿಯನ್ನು ಓದಲು ಹೊಸಬಳಿಗೆ ಬರುತ್ತಿರಲಿಲ್ಲ. ಬರೀ "ಬಟನ್, ಬಟನ್" ಎಂದು ಗೊಣಗುತ್ತಿದ್ದಳು. ಅವನು ಎರಡು ಸಲ ಟಕ್ ಟಕ್ ಎಂದು ಒತ್ತಿ, "ಆಯ್ತು, ನಿನ್ನ ಗುಮಾಸ್ತ ಬಂದ," ಎಂದು ಹೇಳಿ ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದ.

ಬುಧವಾರ ನಾಲ್ಕು ಅಧ್ಯಾಯ ತಿದ್ದಿದಳು. ಗುರುವಾರ ಯಾವುದೋ ಒಂದು ಲೆಕ್ಕ ನೋಡಲು ಎರಡನೇ ಅಧ್ಯಾಯ ತೆರೆದರೆ, ಹಿಂದಿನ ದಿನ ತಿದ್ದಿದ್ದ ‘ಮುಕ್ಕಾಲು’ ಎಂಬ ಭಿನ್ನರಾಶಿ ಮತ್ತೆ ಸೊಟ್ಟಗೆ ನಿಂತಿತ್ತು.

"ರೀ, ಇದನ್ನ ನಿನ್ನೆ ತಿದ್ದಿದ್ದೆ ನಾನು."

"ತಿದ್ದಬೇಕು ಅಂದ್ಕೊಂಡಿರ್ತೀಯ. ವಯಸ್ಸಾಯ್ತು ಕಣೇ. ನಾನೂ ನಿನ್ನೆ ಕನ್ನಡಕ ಹಾಕ್ಕೊಂಡೇ ಕನ್ನಡಕ ಹುಡುಕಿದೆ."

ಅವನು ತಮಾಷೆಗೆ ಅಂದದ್ದು. ಚುಕ್ಕಿಯಮ್ಮ ನಗಲಿಲ್ಲ. ಕಣ್ಣಿಲ್ಲದೆ ಬದುಕಬಹುದು, ಬದುಕಿ ತೋರಿಸಿದ್ದಳು. ನೆನಪು ಹೋದರೆ ಬೆರಳಿಗೆ ಹಿಡಿಯಲು ಏನು ಉಳಿಯುತ್ತದೆ? ಮತ್ತೆ ತಿದ್ದಿದಳು. ಶುಕ್ರವಾರ ಸಂಜೆಗೆ ಕೊನೆಯ ಅಧ್ಯಾಯ ಮುಗಿಯಿತು.

ಶನಿವಾರ ಬೆಳಿಗ್ಗೆ ಅಚ್ಚುಕಟ್ಟಾದ ಪ್ರತಿ ತೆಗೆಯೋಣವೆಂದು ಮೊದಲ ಅಧ್ಯಾಯವನ್ನು ಪ್ರಿಂಟರಿಗೆ ಬಿಟ್ಟಳು. ಹಾಳೆ ಬಂತು. ಬೆರಳಿಟ್ಟಳು. ಮೂರನೇ ಸಾಲಿನಲ್ಲಿ ತಪ್ಪು. ಏಳನೇ ಸಾಲಿನಲ್ಲಿ ತಪ್ಪು. ಎರಡನೇ ಹಾಳೆ, ಮೂರನೇ ಹಾಳೆ, ಎಲ್ಲ ಕಡೆ ತಿದ್ದಿದ ಜಾಗದಲ್ಲೇ ತಪ್ಪು, ಒಂದೂ ಕದಲಿಲ್ಲ. ಮೂರು ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು.

ತಾನು ತಿದ್ದಲೇ ಇಲ್ಲವೋ? ತಿದ್ದಿದೆನೆಂದು ಮೂರು ದಿನ ಕನಸು ಕಂಡೆನೋ? ಪಕ್ಕದಲ್ಲಿದ್ದ ಕರಡಿನ ರಾಶಿಗೆ ಕೈ ಹಾಕಿದಳು. ಅಂಚಿನುದ್ದಕ್ಕೂ ಮಡಿಕೆ, ಮಡಿಕೆ, ಮಡಿಕೆ. ಮಡಿಕೆ ಕನಸಲ್ಲ. ಹಾಗಿದ್ದರೆ ಮರೆತದ್ದು ನಾನಲ್ಲ, ಇವನು.

ನೇರ ಹಳಬನನ್ನೇ ವಿಚಾರಿಸಿದಳು. ದಿನ, ಗಂಟೆ ಹೇಳುವ ಗುಂಡಿಯೊಂದಿತ್ತು, ಅದನ್ನು ಒತ್ತಿದಳು.

"ಮಂಗಳವಾರ," ಎಂದಿತು ಮೂಗುದನಿ. "ನಾಲ್ಕು ಗಂಟೆ ಐವತ್ತೆರಡು ನಿಮಿಷ."

ಕಿಟಕಿಯಿಂದ ಬೆಳಗಿನ ಬಿಸಿಲು ಮೊಣಕೈಗೆ ತಾಗುತ್ತಿತ್ತು. ಶಾಲೆಯಲ್ಲಿ ಮೊದಲ ಗಂಟೆ ಆಗಷ್ಟೇ ಹೊಡೆದಿತ್ತು. ಶನಿವಾರ. ಚುಕ್ಕಿಯಮ್ಮ ಲೆಕ್ಕ ಹಾಕಿದಳು. ತಾನು ಬಂದು ಕೂತು ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ. ನಾಲ್ಕು ಐವತ್ತೆರಡರಲ್ಲಿ ಅಷ್ಟನ್ನು ಕಳೆದರೆ ನಾಲ್ಕು ಹತ್ತು.

"ರೀ!" ಕೂಗಿದ ಕೂಗಿಗೆ ಟ್ಯಾಂಕಿನ ಮೇಲಿದ್ದ ಪಾರಿವಾಳಗಳು ಎದ್ದವು. "ದಿನಾ ಬೆಳಿಗ್ಗೆ ನೀವು ಒತ್ತೋದು ಏನನ್ನ?"

ರಿಬ್ಬನಪ್ಪ ಓಡಿ ಬಂದ. "ಇದನ್ನೇ. ಪಟ್ಟೀಲಿ ಎರಡು ಇದೆ. ಒಂದು ಬರೀ ‘ಈಗಿನದು’ ಅಂತ. ಇನ್ನೊಂದಕ್ಕೆ ನೀನೇ ಹೆಸರಿಟ್ಟಿದ್ದೀಯಲ್ಲ, ‘ಮಾತಾಡಿದ ದಿನ’. ಅದನ್ನೇ ಒತ್ತೋದು."

"ಅದು ಏನೂ ಕೇಳಲ್ವಾ?"

"ಕೇಳತ್ತೆ. ಈಗಿನದನ್ನ ಬಿಟ್ಟು ಹಿಂದಕ್ಕೆ ಹೋಗ್ಲಾ ಅನ್ನತ್ತೆ. ಹೂಂ ಅಂತೀನಿ. ಏನು ಕೇಳಿದ್ರೂ ಹೂಂ ಅನ್ನು ಅಂದೋಳು ಯಾರು?"

"ಅಯ್ಯೋ ನನ್ನಪ್ಪಾ! ಹಿಂದಕ್ಕೆ ಯಾಕೆ ಹೋಗ್ತೀರಿ?"

ಈ ಪ್ರಶ್ನೆಗೆ ರಿಬ್ಬನಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಹೋಗ್ಬೇಕಲ್ಲ ಮತ್ತೆ? ಟೈಪ್‌ರೈಟರ್ ಮುಂದೆ ಕೂತವನು ಮೊದಲು ಮಾಡೋದೇನು? ಹಾಳೆ ಹಿಡಿದಿರೋ ಕ್ಯಾರೇಜ್ ಹಿಂದಕ್ಕೆ ತಳ್ಳಿ ಸಾಲಿನ ಮೊದಲಿಗೆ ತರೋದು. ನಡುವೆ ನಿಂತಿದ್ದಲ್ಲಿಂದ ಶುರು ಮಾಡಿದ್ರೆ ಮಿಷನ್ ಹಾಳಾಗತ್ತೆ. ಮೂವತ್ತೈದು ವರ್ಷ ಊರಿಗೆಲ್ಲ ಇದನ್ನೇ ಹೇಳಿದ್ದೀನಿ ನಾನು."

ಚುಕ್ಕಿಯಮ್ಮನಿಗೆ ಮೊದಲು ಸಿಟ್ಟು ಬಂತು. ಆದರೆ ಸಿಟ್ಟು ಗಂಟಲಿಗೆ ಬರುವುದರೊಳಗೆ ಇನ್ನೊಂದು ವಿಚಾರ ಹೊಕ್ಕಿತು: ಹಾಗಾದರೆ ತನ್ನ ತಲೆ ನೆಟ್ಟಗಿದೆ. ನಗು ಒದ್ದುಕೊಂಡು ಬಂತು. ಕುರ್ಚಿ ಅಲುಗಾಡುವಷ್ಟು ನಕ್ಕಳು.

"ಏನೇ ಇದು? ಬೈಯೋದು ಬಿಟ್ಟು?"

"ಬೈತೀನಿ, ತಾಳಿ. ಮೂರು ದಿನದ ಕೆಲಸ ನುಂಗಿದೋರಿಗೆ ಬೈಗುಳ ತಪ್ಪತ್ತಾ? ಪಾಪ, ಒಳಗಿರೋನಿಗೆ ದಿನಾ ಮಂಗಳವಾರ ಸಂಜೆ. ನಾನು ತಿದ್ದಿದ್ದು ಅವನಿಗೆ ಗೊತ್ತೇ ಇಲ್ಲ!"

ರಿಬ್ಬನಪ್ಪನಿಗೆ ಆಗ ಅರ್ಥವಾಯಿತು. ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. "ಗುಜರಿಯವನು ಸೋಮವಾರ ಬರ್ತಾನಲ್ಲೇ," ಎಂದ, ಸಣ್ಣ ದನಿಯಲ್ಲಿ.

"ಬರ್ಲಿ. ತಪ್ಪು ಹುಡುಕೋದಕ್ಕೆ ಮೂರು ದಿನ ಹಿಡೀತು. ಹುಡುಕಿದ ತಪ್ಪು ಹಾಳೇಲಿ ಮಡಿಚಿದೆ. ಬರೀ ತಿದ್ದೋದಕ್ಕೆ ಎರಡು ದಿನ ಸಾಕು. ನೀವು ಮಡಿಚಿದ ಹಾಳೆ ಮಾತ್ರ ಆರಿಸಿ ಆರಿಸಿ ಕೈಗೆ ಕೊಡ್ತಾ ಹೋಗಿ. ಇನ್ಮೇಲೆ ಆ ಪಟ್ಟೀಲಿ ‘ಈಗಿನದು’ ಬಿಟ್ಟು ಇನ್ನೊಂದಕ್ಕೆ ಬೆರಳು ತಾಗಿಸಿದ್ರೆ ಮುರಿದುಬಿಡ್ತೀನಿ."

ಶನಿವಾರ, ಭಾನುವಾರ ಗಂಡ ಹೆಂಡತಿ ಮೈ ಮುರಿದು ದುಡಿದರು. ಅವನು ಹಾಳೆ ಕೊಡುವುದು, ಅವಳ ಎಡಗೈ ಮಡಿಕೆಯಿಂದ ಸಾಲಿಗೆ ಜಾರುವುದು, ಹಳಬ ಆ ಸಾಲನ್ನು ಮೂಗಿನಲ್ಲಿ ಓದುವುದು, ಅವಳು ತಿದ್ದುವುದು. ಇನ್ನೂರಾ ಹದಿನಾಲ್ಕು ಮಡಿಕೆ. ತಿದ್ದಿದ ಮಡಿಕೆಯನ್ನು ರಿಬ್ಬನಪ್ಪ ಉಗುರಿನಿಂದ ಒತ್ತಿ ನೇರ ಮಾಡುತ್ತಿದ್ದ. ಹೇಳಿದ ಕೆಲಸವಲ್ಲ, ತಪ್ಪಿಗೆ ತಾನೇ ಹಾಕಿಕೊಂಡ ದಂಡ. ಭಾನುವಾರ ಕತ್ತಲಾಗುವ ಮುಂಚೆ ಮುಗಿಯಿತು. ಮುಗಿದ ಕೂಡಲೇ ಚುಕ್ಕಿಯಮ್ಮ ಅದರ ನಕಲು ತೆಗೆದು ಹೊಸಬಳ ಹತ್ತಿರವೂ ಒಂದಿಟ್ಟಳು.

ಸೋಮವಾರ ಎಂಟಕ್ಕೆ ಪ್ರಿಂಟರು ಶುರುವಾಯಿತು. ಹತ್ತೂವರೆಗೆ ಮ್ಯಾನೇಜರು ಬಂದಾಗ, ಹೊಲಿದ ಪುಸ್ತಕ ಮೇಜಿನ ಮೇಲಿತ್ತು. ಅವರ ಹಿಂದೆಯೇ ಕೈಗಾಡಿ ತಳ್ಳಿಕೊಂಡು ಗುಜರಿಯವನು. ಬಾಗಿಲಲ್ಲಿ ಗಾಡಿಯ ಗಾಲಿ ಕಿರುಗುಟ್ಟಿದ್ದು ಚುಕ್ಕಿಯಮ್ಮನಿಗೆ ಕೇಳಿಸಿತು.

"ಪರವಾಗಿಲ್ವೇ! ಮಾಡೇಬಿಟ್ರಲ್ಲ ಅಮ್ಮಾ!" ಮ್ಯಾನೇಜರು ಪುಸ್ತಕ ಎತ್ತಿಕೊಂಡರು.

"ಕೊಡಿ ಸರ್ ಇಲ್ಲಿ. ಇನ್ನೂ ಕೊನೇ ಸಲ ಬೆರಳಾಡಿಸಿಲ್ಲ."

ಗುಜರಿಯವನು ನಿಂತ, ಮ್ಯಾನೇಜರು ನಿಂತರು, ರಿಬ್ಬನಪ್ಪ ಉಸಿರು ಹಿಡಿದು ನಿಂತ. ಹಾಳೆಗಳು ಒಂದೊಂದಾಗಿ ಮಗುಚಿದವು. ಅರವತ್ಮೂರನೇ ಹಾಳೆಯ ನಡುವೆ ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು. ಒಂದು ಚುಕ್ಕಿ ಇರಲಿಲ್ಲ. ಚುಕ್ಕಿಯಿಲ್ಲದೆ ಎಂಟರಲ್ಲಿ ಐದು ಭಾಗ ಎಂಟರಲ್ಲಿ ಒಂದು ಭಾಗವಾಗಿತ್ತು.

ಸುಮ್ಮನಿದ್ದರೆ ಆಗುತ್ತಿತ್ತು. ಅಲ್ಲಿದ್ದ ಮೂವರಿಗೂ ಕಣ್ಣಿತ್ತು, ಚುಕ್ಕಿ ಓದಲು ಒಬ್ಬರಿಗೂ ಬರುತ್ತಿರಲಿಲ್ಲ.

"ಸರ್, ಪುಸ್ತಕ ತಪ್ಪಿದೆ," ಎಂದಳು ಚುಕ್ಕಿಯಮ್ಮ.

ರಿಬ್ಬನಪ್ಪನಿಂದ ಹಿಡಿದಿಟ್ಟ ಉಸಿರು ಹೊರಬಿದ್ದ ಸದ್ದು ಬಂತು.

"ಎಷ್ಟು ತಪ್ಪು?"

"ಒಂದು ಚುಕ್ಕಿ."

"ಒಂದು ಚುಕ್ಕಿ! ನೂರಾ ಹನ್ನೆರಡು ಹಾಳೇಲಿ? ಬಿಡಿ ಅಮ್ಮಾ, ಯಾರಿಗೆ ಗೊತ್ತಾಗತ್ತೆ?"

"ಲೆಕ್ಕ ಮಾಡೋ ಮಗೂಗೆ ಗೊತ್ತಾಗತ್ತೆ. ಅಲ್ಲ, ಅದಕ್ಕೂ ಗೊತ್ತಾಗಲ್ಲ. ತನಗೇ ಲೆಕ್ಕ ಬರಲ್ಲ ಅಂದ್ಕೊಂಡುಬಿಡತ್ತೆ. ಅದು ಕೆಟ್ಟದ್ದು." ನೆನಪು ಹೋಯಿತೆಂದು ಅಂದುಕೊಂಡ ಎರಡು ದಿನ ಹೇಗಿತ್ತೆಂಬುದು ಆಕೆಗೆ ಗೊತ್ತಿತ್ತು. "ಎರಡು ನಿಮಿಷ ನಿಲ್ಲಿ."

ಹೊಸಬಳ ಬಾಯಿ ಮುಚ್ಚಿಸಿ ಒಳಗೆ ಹೋದಳು. ಹಳಬ ಅರವತ್ಮೂರನೇ ಹಾಳೆ ಓದಿದ. ಅಲ್ಲಿ ಐದು ಸರಿಯಾಗೇ ಇತ್ತು. ತಪ್ಪು ಬರಹದಲ್ಲಲ್ಲ, ಸೂಜಿಯಲ್ಲಿ. "ರೀ, ಎಡಗಡೆಯಿಂದ ನಾಲ್ಕನೇ ಸೂಜಿ ಸಡಿಲ ಇರ್ಬೇಕು ನೋಡಿ."

ರಿಬ್ಬನಪ್ಪ ಜೇಬಿನಿಂದ ಸ್ಕ್ರೂಡ್ರೈವರು ತೆಗೆದು ಪ್ರಿಂಟರಿನ ಮುಚ್ಚಳ ಬಿಚ್ಚಿದ. ಈ ಯಂತ್ರದ ಭಾಷೆ ಅವನಿಗೆ ಬರುತ್ತಿತ್ತು. "ನಾಲ್ಕನೇದೇ ಕಣೇ. ಸ್ಪ್ರಿಂಗ್ ಸರಿದಿದೆ," ಎಂದು ಒಂದೂವರೆ ಸುತ್ತು ಬಿಗಿ ಮಾಡಿದ. ಅರವತ್ಮೂರನೇ ಹಾಳೆ ಮತ್ತೆ ಹೊರಟಿತು. ಮ್ಯಾನೇಜರು ಕಿವಿ ಮುಚ್ಚಿಕೊಂಡರು. ಗುಜರಿಯವನು ಗಾಡಿ ಬಿಟ್ಟು ಬಂದು, ಬಿಳಿ ಹಾಳೆಯ ಮೇಲೆ ಚುಕ್ಕಿ ಏಳುವುದನ್ನು ಬಾಯಿ ತೆರೆದು ನೋಡಿದ.

ಹಾಳೆ ಬಿದ್ದಿತು. ಚುಕ್ಕಿಯಮ್ಮ ಬೆರಳಾಡಿಸಿ ಮ್ಯಾನೇಜರ ಕಡೆ ಚಾಚಿದಳು. "ಈಗ ತಗೊಳ್ಳಿ ಸರ್."

ಮ್ಯಾನೇಜರು ಹಾಳೆಯ ಮೇಲೆ ತಮ್ಮ ಬೆರಳನ್ನೂ ಒಮ್ಮೆ ಎಳೆದು ನೋಡಿದರು. ಏನೂ ತಿಳಿಯಲಿಲ್ಲ, ಆದರೂ ತಲೆದೂಗಿದರು. ಆಮೇಲೆ ಬಾಗಿಲ ಕಡೆ ತಿರುಗಿದರು. "ನೀನು ಹೋಗಪ್ಪ. ಇಲ್ಲಿ ಗುಜರಿ ಇಲ್ಲ."

"ಅಷ್ಟು ದೂರದಿಂದ ಖಾಲಿ ಗಾಡಿ ತಳ್ಳಿಕೊಂಡು ಬಂದೆನಲ್ಲ ಸಾಹೇಬ್ರೇ," ಎಂದ ಗುಜರಿಯವನು. "ಆ ಮೂಲೇಲಿ ಸತ್ತ ಕಂಪ್ಯೂಟರ್ ಇದೆಯಲ್ಲ, ಅದಾದ್ರೂ?"

ಎಲ್ಲರೂ ಚುಕ್ಕಿಯಮ್ಮನ ಕಡೆ ನೋಡಿದರು. ಯಾವುದನ್ನೂ ಬಿಸಾಡದ ಹೆಂಗಸು.

"ತಗೊಂಡ್ಹೋಗು," ಎಂದಳು ಆಕೆ. "ಅವನು ಮನೆ ಬದಲಾಯಿಸಿ ವಾರವಾಯ್ತು." ಕುರ್ಚಿ ಎಳೆದುಕೊಂಡು ಕೂತಳು. "ಸರ್, ಎಂಟನೇ ಕ್ಲಾಸಿಂದು ಯಾವಾಗ ಬೇಕು?"